ಫಿರಂಗಿಯ ಪಕ್ಕದಲ್ಲಿ ಪ್ರಾರ್ಥನೆ

ಕೇಳುಗರಿಗೆ ನಮಸ್ಕಾರ.

ನಾನು ಮಾತಾಡುತ್ತಿರುವ ಈ ಕೋಣೆಯಲ್ಲಿ ಫ್ಯಾನ್ ಆರಿಸಿದ್ದಾರೆ. ಕಾಗದ ಮಗುಚಿದರೂ ಮೈಕಿಗೆ ಕೇಳಿಸುತ್ತದೆ. ನಾಲ್ಕು ಮಾತಿಗೆ ಇಷ್ಟು ಜಾಗ್ರತೆ! 1944ರ ಅಕ್ಟೋಬರ್ 29ರಂದು ಜರ್ಮನಿಯ ಆಖೆನ್ ಊರಿನ ಬಳಿ ನಡೆದ ಒಂದು ರೇಡಿಯೋ ಪ್ರಸಾರದಲ್ಲಿ ಹಾಡಿನ ಹಿಂದೆ ಫಿರಂಗಿ ಗುಡುಗುತ್ತದೆ. ಆ ಧ್ವನಿಮುದ್ರಣ ಇವತ್ತಿಗೂ ಇದೆ.

ಅದು ಅಮೆರಿಕದ ಸೈನ್ಯದಲ್ಲಿದ್ದ ಯಹೂದಿ ಸಿಪಾಯಿಗಳ ಪ್ರಾರ್ಥನೆ. ಊರು ಕೈಗೆ ಬಂದು ಎಂಟೇ ದಿನ. ಅಲ್ಲಿನ ಸಿನಗಾಗನ್ನು, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರವನ್ನು, ನಾಜಿಗಳು 1938ರಲ್ಲೇ ಸುಟ್ಟಿದ್ದರು. ಇವರು ಬಯಲಲ್ಲೇ ನಿಂತರು, ಸುಮಾರು ಐವತ್ತು ಮಂದಿ.

ಐವತ್ತು ಅಂದರೆ ಅಲ್ಲಿ ಜಾಸ್ತಿಯೇ. ಸಂಪ್ರದಾಯದ ಪ್ರಕಾರ ಸೇರಿ ಪ್ರಾರ್ಥಿಸಲು ಹತ್ತು ಗಂಡಸರಾದರೂ ಬೇಕು. ಮಿನ್ಯಾನ್ ಅಂತ ಅದರ ಹೆಸರು. ಊರಲ್ಲಾದರೆ ಪಕ್ಕದ ಮನೆಯವರನ್ನು ಕೂಗಿ ಕರೆಯಬಹುದು. ದಂಡಿನಲ್ಲಿ ಯಾರನ್ನು ಕರೆಯುವುದು? ಊಟದ ಪಾಡು ಇನ್ನೊಂದು. ಹಂದಿಮಾಂಸ ನಿಷಿದ್ಧ, ಆದರೆ ರೇಷನ್ ಡಬ್ಬಿಯಲ್ಲಿ ಎಷ್ಟೋ ಸಲ ಅದೇ. ಜೀವ ಉಳಿಸಲು ನಿಯಮ ಮೀರಬಹುದು ಅಂತ ಧರ್ಮವೇ ಹೇಳುತ್ತದೆ, ನಿಜ. ಆದರೂ ತುತ್ತು ಗಂಟಲಲ್ಲಿ ಇಳಿಯಬೇಕಲ್ವಾ?

ಕೊರಳಲ್ಲಿ ಒಂದು ತಗಡಿನ ಬಿಲ್ಲೆ. ಹೆಸರು, ನಂಬರಿನ ಜೊತೆ 'ಎಚ್' ಅನ್ನುವ ಅಕ್ಷರ. ಎಚ್ ಅಂದರೆ ಹೀಬ್ರೂ. ಸತ್ತರೆ ಅವರ ಧರ್ಮದಂತೆ ಮಣ್ಣು ಮಾಡಲು ಅನುಕೂಲ. ಜರ್ಮನ್ನರಿಗೆ ಸೆರೆ ಸಿಕ್ಕರೆ ಮಾತ್ರ ಅದೇ ಅಕ್ಷರ ಕುತ್ತಿಗೆಗೆ ಬರಬಹುದಿತ್ತು. ಕೆಲವರು ಬಿಲ್ಲೆ ಬಿಸಾಡಿದರು. ಅವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬಾರದು.

ಆಖೆನ್‌ನಲ್ಲಿ ಪ್ರಾರ್ಥನೆ ನಡೆಸಲು ಸೈನ್ಯದ ಗುರು ರಬ್ಬಿ ಸಿಡ್ನಿ ಲೆಫ್ಕೊವಿಟ್ಜ್ ಇದ್ದರು. ಹಾಡುವವರೇ ಇರಲಿಲ್ಲ. ಮುಂದೆ ಬಂದವರು ಮ್ಯಾಕ್ಸ್ ಫುಕ್ಸ್, 22 ವರ್ಷದ ಮಾಮೂಲಿ ಸಿಪಾಯಿ. ಪೋಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನ್ಯೂಯಾರ್ಕ್ ಸೇರಿದವರು. ಅವರು ಹೀಬ್ರೂವಿನಲ್ಲಿ ಹಾಡುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಎಲ್ಲೋ ಹತ್ತಿರದಲ್ಲೇ ಗುಂಡು ಸಿಡಿಯುತ್ತದೆ. ಹಾಡು ನಿಲ್ಲುವುದಿಲ್ಲ. ಎನ್‌ಬಿಸಿ ರೇಡಿಯೋ ಅದನ್ನು ಅಮೆರಿಕಕ್ಕೆ ಮುಟ್ಟಿಸಿತು. ಹಿಟ್ಲರ್ ಬಂದ ಮೇಲೆ ಜರ್ಮನ್ ನೆಲದಿಂದ ಪ್ರಸಾರವಾದ ಮೊದಲ ಯಹೂದಿ ಪ್ರಾರ್ಥನೆ ಅಂತ ಅದನ್ನು ನೆನೆಯುತ್ತಾರೆ.

ಯುದ್ಧ ಮುಗಿದ ಮೇಲೆ ಫುಕ್ಸ್ ನ್ಯೂಯಾರ್ಕಿನಲ್ಲಿ ವಜ್ರ ಕತ್ತರಿಸುವ ಕೆಲಸ ಹಿಡಿದರು. ಸಿನಗಾಗ್‌ನಲ್ಲಿ ಹಾಡುವುದನ್ನೂ ಬಿಡಲಿಲ್ಲ, ಈ ಸಲ ಸೂರಿನ ಕೆಳಗೆ.