ಐದು ನಿಮಿಷ ಸುಮ್ಮನಿದ್ದ ಹಾಲು ಹತ್ತೇ ಸೆಕೆಂಡಿನಲ್ಲಿ ಉಕ್ಕುವುದು ಹೇಗೆ?

[ದೃಶ್ಯ: ಗ್ಯಾಸ್ ಒಲೆ. ಮೇಲೆ ಹಾಲಿನ ಪಾತ್ರೆ. ಪರದೆಯ ಮೂಲೆಯಲ್ಲಿ ಟೈಮರ್ ಓಡುತ್ತಿದೆ.]

ಬೆಳಿಗ್ಗೆ ಆರೂವರೆ. ಫ್ರಿಜ್‌ನಿಂದ ಅರ್ಧ ಲೀಟರ್ ಪ್ಯಾಕೆಟ್ ತೆಗೆದು, ಮೂಲೆ ಕತ್ತರಿಸಿ, ಪಾತ್ರೆಗೆ ಸುರಿದು ಒಲೆ ಮೇಲೆ ಇಟ್ಟಿದ್ದೀರಿ. ಒಂದು ನಿಮಿಷ ಆಯಿತು. ಏನೂ ಇಲ್ಲ. ಮೂರು ನಿಮಿಷ. ಅಂಚಿನಲ್ಲಿ ಪುಟ್ಟ ಗುಳ್ಳೆಗಳು, ಅಷ್ಟೇ. ಅಷ್ಟರಲ್ಲಿ ಬಾಗಿಲಲ್ಲಿ ಹೂವಿನಮ್ಮನ ಕೂಗು. ಇನ್ನೂ ಟೈಮ್ ಇದೆ ಬಿಡು ಅಂದುಕೊಂಡು ಹೋಗುತ್ತೀರಿ. ಎರಡು ಮೊಳ ಮಲ್ಲಿಗೆ ತೆಗೆದುಕೊಂಡು, ಚಿಲ್ಲರೆ ಹುಡುಕಿ ಕೊಡುವ ಹೊತ್ತಿಗೆ ಒಳಗಿಂದ ಸುಂಯ್ ಅಂತ ಸದ್ದು. ಹಿಂದೆಯೇ ಸೀದ ವಾಸನೆ.

"ಇಷ್ಟು ಹೊತ್ತು ಇಲ್ಲೇ ನಿಂತಿದ್ದೆ, ಈಗಷ್ಟೇ ಆ ಕಡೆ ಹೋದೆ!" ಈ ಮಾತು ಹೇಳದವರು ಯಾರಿದ್ದಾರೆ? ಕೇಳಿ ನಂಬಿದವರು ಮಾತ್ರ ಯಾರೂ ಇಲ್ಲ.

ನಂಬಬೇಕು. ಲೆಕ್ಕ ಹಾಕಿದರೆ ತಪ್ಪು ಪೂರ್ತಿ ನಿಮ್ಮದಲ್ಲ.

[ಪರದೆಯ ಮೇಲೆ ಲೆಕ್ಕ, ಕೈಬರಹದಲ್ಲಿ]

ಫ್ರಿಜ್‌ನ ಹಾಲು ಸುಮಾರು 5 ಡಿಗ್ರಿ ಇರುತ್ತದೆ. ಅದು ಕುದಿಯಲು 100 ಡಿಗ್ರಿ ಹತ್ತಿರ ಬರಬೇಕು. ಬೆಂಗಳೂರಿನಲ್ಲಿ ಸ್ವಲ್ಪ ಕಡಿಮೆ ಸಾಕು. ಊರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಹಾಗಾಗಿ 97 ಡಿಗ್ರಿ ಸುಮಾರಿಗೇ ಕುದಿ ಬರುತ್ತದೆ. ಮಂಗಳೂರಿನವರ ಹಾಲು ಇನ್ನೆರಡು ಮೂರು ಡಿಗ್ರಿ ಕಾಯಬೇಕು, ಪಾಪ.

ಮಧ್ಯಮ ಉರಿಯಲ್ಲಿ ಪಾತ್ರೆಗೆ ನಿಜವಾಗಿ ಸೇರುವ ಶಾಖ 600 ವ್ಯಾಟ್ ಅಂತ ಇಟ್ಟುಕೊಳ್ಳೋಣ. ಉಳಿದದ್ದು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಈ ಲೆಕ್ಕದಲ್ಲಿ ಅರ್ಧ ಲೀಟರ್ ಹಾಲು ಕುದಿಯ ಹತ್ತಿರ ಬರಲು 300 ಸೆಕೆಂಡು ಬೇಕು. ಐದು ನಿಮಿಷ. ಅಷ್ಟೂ ಹೊತ್ತು ನೋಡುವುದಕ್ಕೆ ಏನೂ ಇರುವುದಿಲ್ಲ.

ಆಮೇಲೆ ಹಾಲಿನಲ್ಲಿರುವ ನೀರು ಆವಿಯಾಗಲು ಶುರು. ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇರುತ್ತದೆ. (ಹಾಲಿನವನು ಸೇರಿಸಿದ್ದಲ್ಲ, ಹಸು ಕೊಟ್ಟಿದ್ದೇ ಹಾಗೆ.) ಒಂದೇ ಒಂದು ಗ್ರಾಂ ನೀರು ಆವಿಯಾದರೆ ಎಷ್ಟು ಜಾಗ ಬೇಕು ಗೊತ್ತಾ? ಒಂದೂವರೆ ಲೀಟರಿಗೂ ಜಾಸ್ತಿ. ಒಂದು ಗ್ರಾಂ ಅಂದರೆ ಚಮಚದ ತಳ ಒದ್ದೆಯಾಗುವಷ್ಟು. ಅಷ್ಟನ್ನು ಆವಿ ಮಾಡಲು ನಮ್ಮ 600 ವ್ಯಾಟ್ ಉರಿಗೆ ಬೇಕಾಗುವ ಸಮಯ ನಾಲ್ಕು ಸೆಕೆಂಡು.

ನಿಮ್ಮ ಪಾತ್ರೆಯಲ್ಲಿ ಹಾಲಿನ ಮೇಲೆ ಖಾಲಿ ಇರುವ ಜಾಗ ಎಷ್ಟು? ಹೆಚ್ಚೆಂದರೆ ಅರ್ಧ ಲೀಟರ್. ಹುಟ್ಟಿದ ಆವಿಯೆಲ್ಲ ಒಳಗೇ ಉಳಿಯುವುದಿಲ್ಲ, ಬಹಳಷ್ಟು ಗುಳ್ಳೆ ಒಡೆದು ಹೋಗುತ್ತವೆ. ಆದರೂ ಹತ್ತು ಸೆಕೆಂಡಿನಲ್ಲಿ ಕೆಲಸ ಮುಗಿದಿರುತ್ತದೆ. 300 ಸೆಕೆಂಡು ಕಾದವರು ಕೊನೆಯ ಹತ್ತು ಸೆಕೆಂಡು ಅಲ್ಲಿಲ್ಲ. ಕಥೆ ಇಷ್ಟೇ.

[ದೃಶ್ಯ: ಪಕ್ಕಪಕ್ಕ ಎರಡು ಪಾತ್ರೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಹಾಲು.]

ಹಾಗಾದರೆ ನೀರು ಯಾಕೆ ಉಕ್ಕುವುದಿಲ್ಲ? ಅಲ್ಲೂ ಆವಿ ಅಷ್ಟೇ ಬರುತ್ತದೆ. ಆದರೆ ನೀರಿನ ಗುಳ್ಳೆ ಮೇಲೆ ಬಂದ ಕೂಡಲೇ ಪಟ್ ಅಂತ ಒಡೆಯುತ್ತದೆ. ಅದಕ್ಕೆ ಗಟ್ಟಿ ಗೋಡೆ ಇಲ್ಲ.

ಹಾಲಿನ ಗುಳ್ಳೆಗೆ ಇದೆ. ಗೋಡೆ ಕಟ್ಟುವುದು ಹಾಲಿನ ಪ್ರೋಟೀನು. ಇದರಲ್ಲಿ ಎರಡು ಜಾತಿ. ಸುಮಾರು ಐದರಲ್ಲಿ ನಾಲ್ಕು ಪಾಲು ಕೇಸೀನ್. ಉಳಿದದ್ದು, ಹಾಲು ಒಡೆದಾಗ ತಿಳಿನೀರಿನಲ್ಲಿ ಉಳಿಯುತ್ತದಲ್ಲ, ಆ ಪ್ರೋಟೀನು. ಈ ಎರಡನೆಯದು 70 ಡಿಗ್ರಿ ದಾಟಿದರೆ ತಡೆಯುವುದಿಲ್ಲ. ಉಂಡೆ ಸುತ್ತಿದ ನೂಲಿನ ಹಾಗೆ ಇದ್ದದ್ದು ಬಿಚ್ಚಿಕೊಂಡು, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಪಕ್ಕದ ಕೇಸೀನಿಗೆ, ಜಿಡ್ಡಿಗೆ, ಪಾತ್ರೆಯ ತಳಕ್ಕೆ. ಅಡಿ ಹಿಡಿಯುವುದಕ್ಕೂ ಇದೇ ಕಾರಣ.

ಮೇಲ್ಭಾಗದಲ್ಲಿ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಗಾಳಿ ತಾಗುವ ಕಡೆ ನೀರು ಆರುತ್ತದೆ, ಪ್ರೋಟೀನು ದಟ್ಟವಾಗುತ್ತದೆ, ಜಿಡ್ಡು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳ್ಳಗೆ ಒಂದು ಪೊರೆ. ಅದೇ ಕೆನೆ. ಕೆಳಗಿಂದ ಬಂದ ಆವಿ ಈ ಪೊರೆಯ ಅಡಿ ಬಂದು ನಿಲ್ಲುತ್ತದೆ. ಹಿಂದಿನಿಂದ ಇನ್ನಷ್ಟು ಗುಳ್ಳೆ ಬಂದು ತಳ್ಳುತ್ತವೆ. ಪೊರೆ ಕಿತ್ತರೂ ಗುಳ್ಳೆಗಳಿಗೆ ತಮ್ಮದೇ ಪ್ರೋಟೀನಿನ ಅಂಗಿ ಇರುತ್ತದಲ್ಲ, ಬೇಗ ಒಡೆಯುವುದಿಲ್ಲ. ಒಂದರ ಮೇಲೊಂದು ಕೂತು ಗೋಪುರ ಕಟ್ಟುತ್ತವೆ. ನಿಮ್ಮ ಸ್ಟೌ ಮೇಲೆ ಹರಿಯುವುದು ಇದೇ ನೊರೆ.

ಅನ್ನ ಬೇಯುವಾಗ ಗಂಜಿ ಉಕ್ಕುವುದೂ ಹೀಗೆಯೇ. ಅಲ್ಲಿ ಗುಳ್ಳೆಗೆ ಬಲ ಕೊಡುವುದು ಅಕ್ಕಿಯ ಪಿಷ್ಟ.

[ದೃಶ್ಯ: ಪಾತ್ರೆಯ ಮೇಲೆ ಅಡ್ಡ ಇಟ್ಟ ಮರದ ಸೌಟು]

ಈಗ ಎಲ್ಲರೂ ಕೇಳುವ ಪ್ರಶ್ನೆ. ಮರದ ಸೌಟು ಅಡ್ಡ ಇಟ್ಟರೆ ಉಕ್ಕುವುದಿಲ್ಲವಂತೆ, ನಿಜವಾ?

ಅರ್ಧ ನಿಜ. ಸೌಟು ಒಣಗಿ ತಣ್ಣಗಿರುವಾಗ ಅದಕ್ಕೆ ತಾಗಿದ ನೊರೆ ಒಡೆಯುತ್ತದೆ, ಸ್ವಲ್ಪ ಕೆಳಗಿಳಿಯುತ್ತದೆ. ಸೌಟು ಒದ್ದೆಯಾಗಿ ಬಿಸಿಯಾದ ಮೇಲೆ ಆ ಆಟ ನಡೆಯುವುದಿಲ್ಲ. ಸೌಟಿನ ಎರಡೂ ಪಕ್ಕದಿಂದ ಹಾಲು ಆರಾಮಾಗಿ ಇಳಿದು ಹೋಗುತ್ತದೆ. ನಾನು ಸೌಟು ನಂಬಿ ಸ್ನಾನಕ್ಕೆ ಹೋದವನು. ಒಂದು ಸಲ ಸಾಕಾಯಿತು.

ಇದಕ್ಕಿಂತ ತಣ್ಣೀರು ಚಿಮುಕಿಸುವುದು ವಾಸಿ. ನೊರೆಯೊಳಗಿನ ಆವಿ ತಣ್ಣಗಾಗಿ ಮತ್ತೆ ನೀರಾಗುತ್ತದೆ, ಗುಳ್ಳೆ ಕುಗ್ಗುತ್ತದೆ. ಒಂದೂವರೆ ಲೀಟರ್ ಆವಿ ಮತ್ತೆ ಒಂದು ಗ್ರಾಂ ನೀರು! ಅಜ್ಜಿಯರು ಬಾಯಲ್ಲಿ ಊದುತ್ತಿದ್ದದ್ದೂ ಇದಕ್ಕೇ. ಆದರೆ ಎರಡಕ್ಕೂ ನೀವು ಅಲ್ಲೇ ಇರಬೇಕು. ಇದ್ದಿದ್ದರೆ ತೊಂದರೆಯೇ ಇರಲಿಲ್ಲ.

ಇಲ್ಲದಿದ್ದಾಗ ಕೆಲಸಕ್ಕೆ ಬರುವುದು ಸೀಟಿ ಹೊಡೆಯುವ ಹಾಲಿನ ಕುಕ್ಕರ್. ಅದಕ್ಕೆ ಎರಡು ಗೋಡೆ, ನಡುವೆ ನೀರು. ಬೆಂಕಿ ತಾಗುವುದು ನೀರಿಗೆ. ನೀರು ಕುದಿದು ಸೀಟಿ ಹೊಡೆಯುವಾಗ ಹಾಲು ಚೆನ್ನಾಗಿ ಕಾದಿರುತ್ತದೆ, ಆದರೆ ಉಕ್ಕುವ ಮಟ್ಟದ ಆವಿ ಹುಟ್ಟುವುದಿಲ್ಲ. ಅಡಿಯೂ ಹಿಡಿಯುವುದಿಲ್ಲ. ನೀರು ಹಾಕಲು ಮರೆತರೆ ಮಾತ್ರ ಬೇರೆ ಕಥೆ.

ಕುಕ್ಕರ್ ಇಲ್ಲವಾ? ದೊಡ್ಡ ಪಾತ್ರೆ, ಸಣ್ಣ ಉರಿ. ಉರಿ ಸಣ್ಣದಾದರೆ ಗುಳ್ಳೆ ಹುಟ್ಟುವ ವೇಗಕ್ಕಿಂತ ಒಡೆಯುವ ವೇಗ ಹೆಚ್ಚಾಗುತ್ತದೆ. ಬಾಯಿ ಅಗಲ ಇದ್ದರೆ ನೊರೆ ಮೇಲೇರುವ ಬದಲು ಅಗಲಕ್ಕೆ ಹರಡುತ್ತದೆ.

[ದೃಶ್ಯ: ಹೊಸ ಮನೆ, ತೋರಣ, ನೆಲದ ಮೇಲೆ ಪುಟ್ಟ ಒಲೆ]

ಈ ವಿಷಯ ಗೊತ್ತಿಲ್ಲದೆ ಗೃಹಪ್ರವೇಶದಲ್ಲಿ ಪೇಚಿಗೆ ಸಿಕ್ಕವರಿದ್ದಾರೆ. ಉಳಿದ ದಿನ ಬೈಸಿಕೊಳ್ಳುವ ಕೆಲಸವನ್ನು ಅವತ್ತು ಬೇಕಂತಲೇ ಮಾಡಿ ಫೋಟೋ ತೆಗೆಸಿಕೊಳ್ಳುತ್ತೇವೆ ನೋಡಿ. ನಮ್ಮ ಸಂಬಂಧಿಕರ ಮನೆಯಲ್ಲಿ ಅಗಲ ಬಾಯಿಯ ಪಾತ್ರೆ ತಂದಿದ್ದರು. ಅದರಲ್ಲಿ ಒಂದು ಲೋಟದಷ್ಟು ಹಾಲು. ಮುಹೂರ್ತ ಮುಗಿಯುತ್ತಾ ಬಂತು. ಹಾಲು ಕುದಿಯುತ್ತಿದೆ, ಉಕ್ಕುತ್ತಿಲ್ಲ. ಪುರೋಹಿತರು ಗಡಿಯಾರ ನೋಡುತ್ತಾರೆ, ಅತ್ತೆ ದೇವರ ಕಡೆ ನೋಡುತ್ತಾರೆ. ಕೊನೆಗೆ ದೊಡ್ಡಮ್ಮ ಆ ಹಾಲನ್ನು ಪುಟ್ಟ ಪಾತ್ರೆಗೆ ಬಗ್ಗಿಸಿ, ಉರಿ ದೊಡ್ಡದು ಮಾಡಿದರು. ನಿಮಿಷದೊಳಗೆ ಉಕ್ಕಿತು. ಪೂರ್ವಕ್ಕೇ ಉಕ್ಕಿತು ಅಂತ ಎಲ್ಲರಿಗೂ ಖುಷಿ. ಪಾತ್ರೆ ಆ ಕಡೆ ಸ್ವಲ್ಪ ವಾಲಿತ್ತು. ನಾನು ಬಾಯಿ ಬಿಡಲಿಲ್ಲ.

[ದೃಶ್ಯ: ಬರ್ನರ್, ಹತ್ತಿರದಿಂದ]

ನಗು ಸ್ವಲ್ಪ ಪಕ್ಕಕ್ಕಿಡಿ. ಹಾಲು ಉಕ್ಕಿದಾಗ ಅಪಾಯ ಒಂದಿದೆ. ಹಾಲು ಬರ್ನರ್ ಮೇಲೆ ಬಿದ್ದು ಬೆಂಕಿ ಆರಬಹುದು, ಗ್ಯಾಸ್ ಮಾತ್ರ ಬರುತ್ತಲೇ ಇರಬಹುದು. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಕೆಟ್ಟ ವಾಸನೆಯ ಮರ್ಕ್ಯಾಪ್ಟನ್ ಸೇರಿಸಿರುತ್ತಾರೆ. ಆದರೆ ಸೀದ ಹಾಲಿನ ವಾಸನೆಯ ನಡುವೆ ಅದು ಮೂಗಿಗೆ ಬೀಳದೆ ಹೋಗಬಹುದು. ಹಾಗಾಗಿ ಮೊದಲು ನೋಡಬೇಕಾದ್ದು ಉರಿ ಇದೆಯಾ ಅಂತ.

ಆರಿದ್ದರೆ ನಾಬ್ ತಿರುಗಿಸಿ, ರೆಗ್ಯುಲೇಟರ್ ಆಫ್ ಮಾಡಿ. ಕಿಟಕಿ, ಬಾಗಿಲು ತೆರೆಯಿರಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಬಾಗಿಲು ತೆರೆದರೆ ಹೊರಗೆ ಹೋಗಲು ದಾರಿಯಾಗುತ್ತದೆ. ಲೈಟಿನ ಸ್ವಿಚ್, ಎಕ್ಸಾಸ್ಟ್ ಫ್ಯಾನ್, ಲೈಟರ್ ಯಾವುದನ್ನೂ ಮುಟ್ಟಬೇಡಿ. ವಾಸನೆ ಹೋಗದಿದ್ದರೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಯ ತುರ್ತು ನಂಬರ್.

[ದೃಶ್ಯ: ಮತ್ತೆ ನಮ್ಮ ಒಲೆ. ಹಾಲು ಉಕ್ಕಿ ಹರಿದಿದೆ. ಟೈಮರ್ 5:21ರಲ್ಲಿ ನಿಂತಿದೆ.]

ಈ ಶಾಟ್‌ಗೆ ಮೂರು ಟೇಕ್, ಮೂರು ಪ್ಯಾಕೆಟ್. ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. "ವಿಜ್ಞಾನ ಆಯ್ತಲ್ಲ, ಈಗ ಒರೆಸೋದು ಯಾರು?" ಅಂದರು.

ಅದಕ್ಕೂ ಹೇಳಿಬಿಡುತ್ತೇನೆ. ಸ್ಟೌ ತಣ್ಣಗಾಗಲಿ. ಒಣಗಿದ ಹಾಲನ್ನು ಉಜ್ಜಬೇಡಿ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಸಿಡಿ, ನೆನೆದು ತಾನೇ ಬಿಡುತ್ತದೆ. ಬರ್ನರಿನ ತೂತುಗಳನ್ನು ಪಿನ್ನಿನಿಂದ ಬಿಡಿಸಿ. ತೂತು ಕಟ್ಟಿದರೆ ಉರಿ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ.

[ದೃಶ್ಯ: ಒದ್ದೆ ಬಟ್ಟೆ ಹಿಡಿದ ನಿರೂಪಕ. ಹಿಂದಿನಿಂದ ಅಮ್ಮನ ದನಿ: "ಆ ಮೂಲೇಲಿ ಇನ್ನೂ ಇದೆ ನೋಡು."]