ಒಣದ್ರಾಕ್ಷಿ ಶೆಡ್ಡಿನ ಕಾವಲಿಗೆ ಒಂದು ಹಳೆಯ ಫೋನ್: ಆಂಡ್ರಾಯ್ಡ್ ರೂಟ್ ಮಾಡುವ ಸುರಕ್ಷಿತ ದಾರಿ

ನಮಸ್ಕಾರ. ನೀವು ನೋಡುತ್ತಿರುವುದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ಒಣದ್ರಾಕ್ಷಿ ಶೆಡ್. ನಮ್ಮ ಕಾಕಾ ಅವರದು. ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಹರಡಿದೆ. ಒಣಗುವುದಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ. ಅಷ್ಟು ದಿನವೂ ಅಕಾಲದ ಮಳೆ, ಧೂಳು, ಕಳ್ಳತನ ಮೂರರ ಮೇಲೂ ಕಣ್ಣಿಡಬೇಕು. ಅಗೋ, ಆ ಕಬ್ಬಿಣದ ಕಂಬಕ್ಕೆ ಕಟ್ಟಿರುವ ಹಳೆಯ ಮೊಬೈಲೇ ಆ ಕಣ್ಣು. ಕ್ಯಾಮೆರಾ ಆ್ಯಪ್ ಹಾಕಿ, ಚಾರ್ಜರ್ ಸಿಕ್ಕಿಸಿ ಬಿಟ್ಟರೆ ಊರಲ್ಲಿ ಕುಳಿತೇ ಶೆಡ್ ನೋಡಬಹುದು.

ತೊಡಕು ಇರುವುದು ಆ ಚಾರ್ಜರಿನಲ್ಲಿ. ನಮ್ಮ ಬೇಸಿಗೆ ನಿಮಗೆ ಗೊತ್ತು, 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಅಂಥ ಸೆಕೆಯಲ್ಲಿ ಹಗಲಿರುಳೂ ಶೇ 100ರಲ್ಲೇ ತುಂಬಿಟ್ಟರೆ ಒಳಗೆ ಅನಿಲ ಹುಟ್ಟಿ ಅದು ಉಬ್ಬುತ್ತದೆ. ಇದಕ್ಕೂ ಮೊದಲು ಇಲ್ಲಿದ್ದ ಫೋನಿನ ಪರದೆ ಹಾಗೆಯೇ ಚೌಕಟ್ಟಿನಿಂದ ಮೇಲೆದ್ದಿತ್ತು. ಒಣಹುಲ್ಲು, ಪ್ಲಾಸ್ಟಿಕ್ ಬಲೆ ಇರುವ ಜಾಗದಲ್ಲಿ ಅದು ಆಟದ ಮಾತಲ್ಲ. ಹೊಸ ಫೋನುಗಳಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯ ಬಂದಿದೆ. ಹಳೆಯವುಗಳಲ್ಲಿ ಇಲ್ಲ. ಆಗ ಕಾಕಾ ಕೇಳಿದರು: “ತಮ್ಮಾ, ಫೋನ್ ನಮ್ಮದು, ಕರೆಂಟ್ ನಮ್ಮದು. ಎಷ್ಟು ತುಂಬಬೇಕು ಎನ್ನುವುದನ್ನು ನಾವು ಹೇಳುವುದಕ್ಕೆ ಬರುವುದಿಲ್ಲವೇ?”

ಬರುತ್ತದೆ, ಕಾಕಾ. ಆದರೆ ಅದಕ್ಕೆ ಫೋನನ್ನು ರೂಟ್ ಮಾಡಬೇಕು, ಎಂದರೆ ಫೋನಿನ ಮೇಲಿನ ಪೂರ್ತಿ ಅಧಿಕಾರವನ್ನು ನಮ್ಮ ಕೈಗೆ ತಂದುಕೊಳ್ಳಬೇಕು. ಇವತ್ತು ಅದನ್ನೇ ತೋರಿಸುತ್ತೇನೆ. ಮೊದಲೇ ಒಂದು ಮಾತು: ನಿಮ್ಮ ಬ್ಯಾಂಕ್ ಖಾತೆ, ಯುಪಿಐ, ಮನೆಯವರ ಫೋಟೊ ಇರುವ ದಿನಬಳಕೆಯ ಫೋನಿಗೆ ಇದನ್ನು ಮಾಡಬೇಡಿ. ಎರಡನೆಯ ಫೋನ್ ಇದ್ದರೆ ಮಾತ್ರ ಮುಂದೆ ಬನ್ನಿ.

ಒಳಗೆ ಏನು ನಡೆಯುತ್ತದೆ ಎನ್ನುವುದನ್ನು ನೋಡೋಣ. ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ಕರ್ನಲ್ ಮೇಲೆ. ಕರ್ನಲ್ ಎಂದರೆ ಫೋನಿನ ಯಂತ್ರಭಾಗಗಳನ್ನು ನಡೆಸುವ, ಸಾಫ್ಟ್‌ವೇರಿನ ತಳಪಾಯ. ಲಿನಕ್ಸ್‌ನಲ್ಲಿ ಪ್ರತಿ ಬಳಕೆದಾರನಿಗೂ ಒಂದು ಸಂಖ್ಯೆ ಇರುತ್ತದೆ. ಆಂಡ್ರಾಯ್ಡ್ ಒಂದೊಂದು ಆ್ಯಪನ್ನೂ ಬೇರೆ ಬೇರೆ ಬಳಕೆದಾರನೆಂದು ಎಣಿಸಿ, 10000ದಿಂದ ಮೇಲಿನ ಒಂದು ಸಂಖ್ಯೆ ಕೊಡುತ್ತದೆ. ಆದ್ದರಿಂದಲೇ ಒಂದು ಆಟದ ಆ್ಯಪ್ ನಿಮ್ಮ ಬ್ಯಾಂಕ್ ಆ್ಯಪಿನ ಕಡತಗಳನ್ನು ತೆರೆಯಲಾರದು. ಸೊನ್ನೆ ಸಂಖ್ಯೆಯ ಬಳಕೆದಾರ ಒಬ್ಬನಿದ್ದಾನೆ, ಅವನೇ ರೂಟ್. ನಮ್ಮ ಕಡೆಯ ಹಳೆಯ ವಾಡೆಗಳಲ್ಲಿ ಒಬ್ಬೊಬ್ಬರ ಕೋಣೆಗೂ ಬೇರೆ ಕೀಲಿ ಇದ್ದು, ಇಡೀ ಗೊಂಚಲು ಅಜ್ಜಿಯ ಸೊಂಟದಲ್ಲಿ ಇರುತ್ತಿದ್ದ ಹಾಗೆ. ಫೋನ್ ಕಂಪನಿಯವರು ಆ ಗೊಂಚಲನ್ನು ನಮಗೆ ಕೊಡುವುದಿಲ್ಲ. ಕೊಡದಿರುವುದಕ್ಕೆ ಸಕಾರಣವೂ ಇದೆ: ಅದು ನಮ್ಮ ಕೈಗೆ ಬಂದರೆ, ನಾವು ಯಾಮಾರಿ ಅನುಮತಿ ಕೊಟ್ಟ ಕೆಟ್ಟ ಆ್ಯಪಿನ ಕೈಗೂ ಹೋಗುತ್ತದೆ.

ಇದರ ಚರಿತ್ರೆಯ ಒಂದು ಪ್ರಸಂಗ ನನಗೆ ಬಹಳ ಇಷ್ಟ. 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂತು: ಟಿ-ಮೊಬೈಲ್ ಜಿ1, ತಯಾರಿಸಿದ್ದು ಎಚ್‌ಟಿಸಿ. ಜಾರಿಸಿ ತೆರೆಯುವ ಕೀಲಿಮಣೆ ಇತ್ತು. ಆ ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳೆಲ್ಲ ಪರದೆಯ ಮೇಲೆ ಮೂಡುವುದರ ಜೊತೆಗೆ, ಹಿಂದೆ ಸದ್ದಿಲ್ಲದೆ ಓಡುತ್ತಿದ್ದ ರೂಟ್ ಅಧಿಕಾರದಲ್ಲಿ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಂ ಆದ ರೂಟ್ ಶೆಲ್‌ಗೂ ಹೋಗುತ್ತಿದ್ದವು. ಗೆಳೆಯನಿಗೆ ಬರೆಯುತ್ತ ‘ರೀಬೂಟ್’ ಎಂದು ಒತ್ತಿ ಎಂಟರ್ ಹೊಡೆದರೆ ಫೋನ್ ನಿಜವಾಗಿಯೂ ರೀಬೂಟ್ ಆಗುತ್ತಿತ್ತು! ಗೂಗಲ್ ಅದನ್ನು ಬೇಗನೆ ಮುಚ್ಚಿತು. ಅಷ್ಟರಲ್ಲಿ ಆಸಕ್ತರು ಅದೇ ಬಾಗಿಲಿನಿಂದ ಒಳಗೆ ಹೊಕ್ಕಾಗಿತ್ತು.

ಮುಂದೆ ಬಹಳ ವರ್ಷ ರೂಟ್ ಎಂದರೆ ಇಂಥ ಬಿರುಕು ಹುಡುಕುವುದೇ ಆಗಿತ್ತು. 2014ರಲ್ಲಿ ಬಂದ ಟವೆಲ್‌ರೂಟ್ ಎನ್ನುವ ಆ್ಯಪ್ ಕರ್ನಲಿನ ಒಂದು ದೋಷ ಹಿಡಿದು, ಒಂದೇ ಗುಂಡಿಯಲ್ಲಿ ಹಲವು ಫೋನುಗಳನ್ನು ರೂಟ್ ಮಾಡುತ್ತಿತ್ತು. ಇವತ್ತಿಗೂ ‘ಒಂದೇ ಒತ್ತಿಗೆ ರೂಟ್’ ಎಂದು ಹೇಳಿಕೊಳ್ಳುವ ಆ್ಯಪುಗಳು ಸಿಗುತ್ತವೆ. ದಯವಿಟ್ಟು ಅವುಗಳ ತಂಟೆಗೆ ಹೋಗಬೇಡಿ. ನಿಮ್ಮ ಅಪ್ಪಣೆಯಿಲ್ಲದೆ ಕರ್ನಲನ್ನು ಮುರಿಯಬಲ್ಲ ಆ್ಯಪ್, ಮುರಿದ ಮೇಲೆ ಒಳಗೆ ಏನನ್ನು ಬಿಟ್ಟುಹೋಯಿತು ಎಂದು ನಿಮಗೆ ತಿಳಿಯುವ ದಾರಿಯೇ ಇಲ್ಲ.

ಈಗಿನ ದಾರಿ ಬಿರುಕಿನದಲ್ಲ, ಮುಂಬಾಗಿಲಿನದು. ಫೋನ್ ಆನ್ ಆದಾಗ ಮೊದಲು ಏಳುವುದು ಚಿಪ್ಪಿನಲ್ಲೇ ಅಚ್ಚಾಗಿರುವ ಪುಟ್ಟ ಪ್ರೋಗ್ರಾಂ. ಅದನ್ನು ಯಾರೂ ಬದಲಿಸಲಾರರು. ಅದು, ಫೋನನ್ನು ಏಳಿಸುವ ಮುಂದಿನ ಪ್ರೋಗ್ರಾಂ ಆದ ಬೂಟ್‌ಲೋಡರ್‌ನ ಸಹಿ (ಕಂಪನಿಯ ಡಿಜಿಟಲ್ ಮುದ್ರೆ) ನೋಡಿ ಅದನ್ನು ಎಬ್ಬಿಸುತ್ತದೆ. ಬೂಟ್‌ಲೋಡರ್, ಕರ್ನಲ್ ಇರುವ ಕಡತವಾದ ಬೂಟ್ ಇಮೇಜಿನ ಸಹಿ ನೋಡುತ್ತದೆ, ಸರಿಯಿದ್ದರೆ ಕರ್ನಲ್ ಏಳುತ್ತದೆ. ಕರ್ನಲ್ ‘ಇನಿಟ್’ ಎನ್ನುವ ಮೊದಲ ಪ್ರಕ್ರಿಯೆಯನ್ನು ಎಬ್ಬಿಸುತ್ತದೆ. ಅಲ್ಲಿಂದ ಮುಂದೆ ಆಂಡ್ರಾಯ್ಡ್. ಈ ಸರಪಳಿಯ ಪರೀಕ್ಷೆಯನ್ನು 2016ರ ಆಂಡ್ರಾಯ್ಡ್ 7ರಿಂದ ಕಟ್ಟುನಿಟ್ಟು ಮಾಡಿದರು. ಸಹಿ ಹೊಂದದಿದ್ದರೆ ಫೋನ್ ಏಳುವುದೇ ಇಲ್ಲ. ಬೂಟ್‌ಲೋಡರ್ ಅನ್‌ಲಾಕ್ ಮಾಡುವುದು ಎಂದರೆ, ‘ನನ್ನ ಹೊಣೆಯ ಮೇಲೆ ಈ ಪರೀಕ್ಷೆಯನ್ನು ಸಡಿಲಿಸು’ ಎಂದು ಅದಕ್ಕೆ ಹೇಳಿದ ಹಾಗೆ.

ಅದೇ 2016ರಲ್ಲಿ ಜಾನ್ ವು ಎನ್ನುವ ತೈವಾನಿನ ಯುವಕ ಮ್ಯಾಜಿಸ್ಕ್ ಎನ್ನುವ ಉಪಕರಣ ಬಿಡುಗಡೆ ಮಾಡಿದರು. ಅದರ ಜಾಣ್ಮೆ ನೋಡಿ: ಆಂಡ್ರಾಯ್ಡ್ ಇರುವ ಸಿಸ್ಟಮ್ ವಿಭಾಗವನ್ನು ಅದು ಮುಟ್ಟುವುದೇ ಇಲ್ಲ. ಬೂಟ್ ಇಮೇಜಿನೊಳಗಿನ ಇನಿಟ್ ಜಾಗದಲ್ಲಿ ತನ್ನದೊಂದು ಇನಿಟ್ ಇಟ್ಟು, ತನ್ನ ಸೇವೆ ಏಳುವುದಕ್ಕೆ ಬೇಕಾದ ಏರ್ಪಾಡು ಮಾಡಿ, ಆಮೇಲೆ ಮೂಲ ಇನಿಟ್‌ಗೆ ದಾರಿ ಬಿಡುತ್ತದೆ. ಯಾವುದಾದರೂ ಆ್ಯಪ್ ರೂಟ್ ಅಧಿಕಾರ ಕೇಳಿದಾಗ ಪರದೆಯ ಮೇಲೆ ನಿಮ್ಮನ್ನು ಕೇಳುತ್ತದೆ: ಕೊಡಲೇ, ಬೇಡವೇ? ಇದರ ಕೋಡ್ ಬಹಿರಂಗವಾಗಿದೆ, ಯಾರು ಬೇಕಾದರೂ ಓದಬಹುದು. ಬದಲಾಗುವುದು ಬೂಟ್ ಇಮೇಜ್ ಒಂದೇ ಆದ್ದರಿಂದ, ಮೂಲ ಬೂಟ್ ಇಮೇಜ್ ಕೈಯಲ್ಲಿದ್ದವನಿಗೆ ಹಿಂದಿರುಗುವ ದಾರಿ ಸದಾ ತೆರೆದಿರುತ್ತದೆ. ನನ್ನ ದೃಷ್ಟಿಯಲ್ಲಿ ಸುರಕ್ಷತೆಯ ತಿರುಳು ಇದೇ. ಆ ಒಂದು ಕಡತ ಇಲ್ಲದೆ ಕೆಲಸ ಶುರು ಮಾಡಲೇಬೇಡಿ.

ಶುರು ಮಾಡುವ ಮುನ್ನ ನಿಮಗೆ ಏನು ಬೇಕು ಎನ್ನುವುದನ್ನು ಇನ್ನೊಮ್ಮೆ ಯೋಚಿಸಿ. ಕಂಪನಿಯವರು ತುಂಬಿ ಕಳಿಸಿದ ಬೇಡದ ಆ್ಯಪುಗಳನ್ನು ತೆಗೆಯುವುದಷ್ಟೇ ಗುರಿಯಾದರೆ ರೂಟ್ ಬೇಕಿಲ್ಲ. ಕಂಪ್ಯೂಟರಿಗೆ ಕೇಬಲ್ ಹಾಕಿ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎನ್ನುವ ಉಪಕರಣದ ಮೂಲಕ ಅವುಗಳನ್ನು ನಿಮ್ಮ ಬಳಕೆದಾರ ಖಾತೆಯಿಂದ ಅಳಿಸಬಹುದು. ಬೇಕೆಂದಾಗ ಮರಳಿ ತರಲೂಬಹುದು. ರೂಟ್ ಬೇಕೆಂದು ಹೇಳುವ ಬಹಳಷ್ಟು ಜನರ ಅಗತ್ಯ ಇಷ್ಟರಲ್ಲೇ ತೀರುತ್ತದೆ.

ನಮ್ಮ ಶೆಡ್ಡಿನ ಫೋನಿನದು ಹಾಗಲ್ಲ. ಇದು ಮೊಟೊರೋಲಾ. ಕೆಲವು ಮಾದರಿಗಳ ಅನ್‌ಲಾಕ್‌ಗೆ ಈ ಕಂಪನಿಯೇ ತನ್ನ ಜಾಲತಾಣದಲ್ಲಿ ಅವಕಾಶ ಕೊಟ್ಟಿದೆ. ಎಲ್ಲರೂ ಕೊಡುವುದಿಲ್ಲ. ಶಿಯೋಮಿ ಫೋನಾದರೆ ಅರ್ಜಿ ಹಾಕಿ ಕಾಯಬೇಕು. ಸ್ಯಾಮ್‌ಸಂಗ್ ಫೋನಿನಲ್ಲಿ ಬೇರೆ ಸಾಫ್ಟ್‌ವೇರ್ ಹಾಕಿದ ಕ್ಷಣ ಚಿಪ್ಪಿನೊಳಗಿನ, ನಾಕ್ಸ್ ಎನ್ನುವ ಸುರಕ್ಷತಾ ವ್ಯವಸ್ಥೆಯ ಫ್ಯೂಸ್ ಸುಟ್ಟುಹೋಗುತ್ತದೆ. ಮೂಲ ಸಾಫ್ಟ್‌ವೇರ್ ಮರಳಿ ಹಾಕಿದರೂ ಸೆಕ್ಯೂರ್ ಫೋಲ್ಡರ್‌ನಂಥ ಸೌಲಭ್ಯಗಳು ಮತ್ತೆ ಬರುವುದಿಲ್ಲ. ಹಾಗಾಗಿ ನಿಮ್ಮ ಮಾದರಿಯ ನಿಯಮವನ್ನು ಮೊದಲು ಓದಿಕೊಳ್ಳಿ. ವಾರಂಟಿ ಉಳಿದಿದ್ದರೆ ಅದರ ಆಸೆ ಬಿಡಬೇಕಾದೀತು.

ಈಗ ಕೆಲಸ. ಅನ್‌ಲಾಕ್ ಮಾಡಿದ ಕೂಡಲೇ ಫೋನಿನ ಒಳಗಿನ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ. ಕದ್ದವನು ಅನ್‌ಲಾಕ್ ಮಾಡಿ ನಿಮ್ಮ ಮಾಹಿತಿ ಓದಬಾರದೆಂದೇ ಆ ವ್ಯವಸ್ಥೆ. ಆದ್ದರಿಂದ ಬೇಕಾದುದನ್ನೆಲ್ಲ ಹೊರಗೆ ನಕಲು ಮಾಡಿಕೊಳ್ಳಿ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಕೇಬಲ್ ಗಟ್ಟಿಯದಿರಲಿ. ಡೆಸ್ಕ್‌ಟಾಪ್ ಕಂಪ್ಯೂಟರಾದರೆ ಯುಪಿಎಸ್ ಇಲ್ಲದೆ ಕೂರಬೇಡಿ. ಫೋನಿಗೆ ಇಮೇಜ್ ಬರೆಯುವಾಗ ಕರೆಂಟ್ ಹೋಯಿತೋ, ಅರ್ಧ ಬರೆದ ವಿಭಾಗದೊಂದಿಗೆ ಫೋನ್ ಕೈಕೊಡುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ಸಂಖ್ಯೆಯ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ‘ಒಇಎಂ ಅನ್‌ಲಾಕಿಂಗ್’ ಮತ್ತು ‘ಯುಎಸ್‌ಬಿ ಡೀಬಗ್ಗಿಂಗ್’ ಎರಡನ್ನೂ ಆನ್ ಮಾಡಿ. ಕಂಪ್ಯೂಟರಿನಲ್ಲಿ ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ (ಎಡಿಬಿ, ಫಾಸ್ಟ್‌ಬೂಟ್ ಉಪಕರಣಗಳ ಕಟ್ಟು) ಇರಲಿ. ಅದನ್ನು ಗೂಗಲ್‌ನ ಡೆವಲಪರ್ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಫೋನನ್ನು ಫಾಸ್ಟ್‌ಬೂಟ್ ಸ್ಥಿತಿಗೆ, ಎಂದರೆ ಆಂಡ್ರಾಯ್ಡ್ ಏಳುವ ಮೊದಲೇ ಕಂಪ್ಯೂಟರಿನ ಆಜ್ಞೆ ಕೇಳುವ ಸ್ಥಿತಿಗೆ ತಂದು, ಪರದೆಯ ಮೇಲಿರುವ ಈ ಆಜ್ಞೆ ಕೊಟ್ಟರೆ ಉದ್ದನೆಯ ಸಂಕೇತ ಬರುತ್ತದೆ. ಐದು ಸಾಲುಗಳಲ್ಲಿ ಬಂದಿದೆ, ನೋಡಿ. ನಡುವೆ ಖಾಲಿ ಜಾಗ ಉಳಿಯದಂತೆ ಒಂದೇ ಸಾಲಾಗಿ ಜೋಡಿಸಿ ಕಂಪನಿಯ ಜಾಲತಾಣದಲ್ಲಿ ತುಂಬಿದರೆ ಇ-ಮೇಲ್‌ನಲ್ಲಿ ಅನ್‌ಲಾಕ್ ಕೋಡ್ ಬರುತ್ತದೆ. ಆ ಕೋಡ್ ಕೊಟ್ಟು ಅನ್‌ಲಾಕ್ ಮಾಡಿದ್ದಾಯಿತು. ಫೋನ್ ಖಾಲಿಯಾಗಿ ಹೊಸದರಂತೆ ಎದ್ದಿತು. ಏಳುವ ಮುನ್ನ ಎಚ್ಚರಿಕೆಯ ಪರದೆಯೊಂದು ಬರುತ್ತದೆ. ಇನ್ನು ಮುಂದೆ ಪ್ರತಿ ಸಲವೂ ಬರುತ್ತದೆ.

ಆಮೇಲೆ ಬೂಟ್ ಇಮೇಜ್. ಫೋನಿನಲ್ಲಿರುವ ಬಿಲ್ಡ್ ಸಂಖ್ಯೆ ಯಾವುದೋ, ಅದೇ ಬಿಲ್ಡಿನ ಮೂಲ ಸಾಫ್ಟ್‌ವೇರ್ ಬೇಕು. ಒಂದಂಕಿಯೂ ವ್ಯತ್ಯಾಸ ಇರಬಾರದು. ‘ನನ್ನದೂ ಅದೇ ಫೋನ್, ಈ ಕಡತ ತೆಗೆದುಕೊಳ್ಳಿ’ ಎಂದು ಯಾರೋ ಟೆಲಿಗ್ರಾಮ್‌ನಲ್ಲಿ ಕಳಿಸಿದ್ದನ್ನು ಹಾಕಬೇಡಿ. ಕಂಪನಿಯ ದುರಸ್ತಿ ಸಾಫ್ಟ್‌ವೇರ್ ಮೂಲಕವೇ ಇಳಿಸಿಕೊಂಡ ಕಡತಗಳ ನಡುವೆ ಬೂಟ್ ಇಮೇಜ್ ಇದೆ. ಅದರ ಎರಡು ನಕಲು ಮಾಡಿ ಒಂದನ್ನು ಪೆನ್‌ಡ್ರೈವ್‌ಗೆ ಹಾಕಿಡಿ. ಆಂಡ್ರಾಯ್ಡ್ 13ರೊಂದಿಗೇ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಸಾಮಾನ್ಯವಾಗಿ ‘ಇನಿಟ್ ಬೂಟ್’ ಎನ್ನುವ ಬೇರೆ ಇಮೇಜ್ ಇರುತ್ತದೆ. ಅಲ್ಲಿ ತಿದ್ದಬೇಕಾದುದು ಅದನ್ನು.

ಇಮೇಜನ್ನು ಫೋನಿಗೆ ಕಳಿಸಿ, ಮ್ಯಾಜಿಸ್ಕ್ ಆ್ಯಪಿನಲ್ಲಿ ಆರಿಸಿ ಪ್ಯಾಚ್ ಮಾಡಿ. ಮ್ಯಾಜಿಸ್ಕ್ ಇಳಿಸಿಕೊಳ್ಳಬೇಕಾದುದು ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿರುವ ಅದರ ಸ್ವಂತ ಪುಟದಿಂದ. ಅದೇ ಹೆಸರಿನ ನಕಲಿ ತಾಣಗಳು ಬಹಳ ಇವೆ. ತಿದ್ದಿದ ಇಮೇಜನ್ನು ಕಂಪ್ಯೂಟರಿಗೆ ತಂದಮೇಲೆ ನೇರವಾಗಿ ಬರೆಯಬೇಡಿ. ಕೆಲವು ಫೋನುಗಳು ‘ಫಾಸ್ಟ್‌ಬೂಟ್ ಬೂಟ್’ ಆಜ್ಞೆಗೆ ಒಪ್ಪುತ್ತವೆ. ಆಗ ಏನನ್ನೂ ಬರೆಯದೆ ಆ ಒಂದು ಸಲಕ್ಕೆ ಮಾತ್ರ ತಿದ್ದಿದ ಇಮೇಜಿನಿಂದ ಏಳುತ್ತವೆ. ಎದ್ದರೆ ಬರೆಯಿರಿ. ಏಳದಿದ್ದರೆ ಪವರ್ ಗುಂಡಿ ಒತ್ತಿ ಹಿಡಿಯಿರಿ, ಹಳೆಯ ಫೋನ್ ಹಾಗೆಯೇ ಇರುತ್ತದೆ. ನಮ್ಮದು ಎದ್ದಿತು. ಬರೆದೆವು. ಈಗ ಮ್ಯಾಜಿಸ್ಕ್ ತೆರೆದರೆ ‘ಇನ್‌ಸ್ಟಾಲ್ಡ್’ ಎದುರು ಆವೃತ್ತಿ ಸಂಖ್ಯೆ ಕಾಣುತ್ತಿದೆ. ಕಾಕಾ ಅವರ ಮುಖ ನೋಡಿ!

ರೂಟ್ ಸಿಕ್ಕ ಕೂಡಲೇ ಮಾಡಬೇಕಾದ ಮೊದಲ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಫೋನಿನ ಐಎಂಇಐ (ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ), ನೆಟ್‌ವರ್ಕ್, ಸೆನ್ಸರುಗಳ ಮಾಹಿತಿ ಇರುವ ಸಣ್ಣ ವಿಭಾಗಗಳಿವೆ. ಇಎಫ್ಎಸ್, ಪರ್ಸಿಸ್ಟ್ ಎಂಬಂಥ ಹೆಸರಿನವು. ಅವು ಆ ಒಂದು ಫೋನಿಗೆ ಮಾತ್ರ ಸೇರಿದವು, ಬೇರೆ ಎಲ್ಲಿಯೂ ಇಳಿಸಿಕೊಳ್ಳಲು ಸಿಗುವುದಿಲ್ಲ. ಅವುಗಳ ನಕಲು ತೆಗೆದು ಹೊರಗಿಡಿ. ಹಾಗೆಂದು ಐಎಂಇಐ ಬದಲಿಸುವ ಯೋಚನೆ ಬೇಡವೇ ಬೇಡ. ಯಾರಾದರೂ ಮಾಡಿಕೊಡುತ್ತೇನೆ ಎಂದರೂ ದೂರವಿರಿ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಇನ್ನು ನಾವು ಬಂದ ಕೆಲಸ. ಅಡ್ವಾನ್ಸ್ಡ್ ಚಾರ್ಜಿಂಗ್ ಕಂಟ್ರೋಲರ್ ಎನ್ನುವ ಮಾಡ್ಯೂಲ್, ಎಂದರೆ ಮ್ಯಾಜಿಸ್ಕ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ, ಹಾಕಿದ್ದೇನೆ. ಕರ್ನಲ್ ತೆರೆದಿಟ್ಟಿರುವ ಚಾರ್ಜಿಂಗ್ ಕಡತಗಳಿಗೆ ರೂಟ್ ಮಾತ್ರ ಬರೆಯಬಲ್ಲದು. ಈ ಮಾಡ್ಯೂಲ್ ಅಲ್ಲಿ ಬರೆದು ಚಾರ್ಜ್ ನಿಲ್ಲಿಸುತ್ತದೆ, ಮತ್ತೆ ಶುರು ಮಾಡುತ್ತದೆ. ಎಲ್ಲ ಫೋನುಗಳ ಕರ್ನಲ್ ಇದಕ್ಕೆ ಒಪ್ಪುವುದಿಲ್ಲ. ಇದು ಒಪ್ಪಿದೆ. ಶೇ 60ಕ್ಕೆ ನಿಲ್ಲು, 50ಕ್ಕೆ ಇಳಿದರೆ ಮತ್ತೆ ತುಂಬು ಎಂದು ಹೇಳಿದ್ದೇವೆ. ಹತ್ತಿರದಿಂದ ನೋಡಿ: ಕೇಬಲ್ ಸಿಕ್ಕಿಸಿಯೇ ಇದೆ, 59, 60, ಮಿಂಚಿನ ಗುರುತು ಮಾಯವಾಯಿತು. ಹಿಂಬದಿ ಮುಟ್ಟಿದರೆ ಮೊದಲಿನ ಬಿಸಿ ಇಲ್ಲ.

ಈ ಫೋನಿನಲ್ಲಿ ಇನ್ನು ರೂಟ್ ಅಧಿಕಾರ ಇರುವುದು ಈ ಮಾಡ್ಯೂಲಿಗೆ ಮಾತ್ರ. ಬೇರೆ ಯಾವ ಆ್ಯಪ್ ಕೇಳಿದರೂ ಕೊಡುವುದಿಲ್ಲ. ಕಾಕಾ ಅವರ ಸ್ವಂತ ಗೂಗಲ್ ಖಾತೆ ಇದರಲ್ಲಿಲ್ಲ, ಶೆಡ್ಡಿಗೆಂದೇ ಹೊಸ ಖಾತೆ ತೆರೆದಿದ್ದೇವೆ. ಯುಪಿಐ ಇಲ್ಲ. ಬ್ಯಾಂಕಿನ ಆ್ಯಪುಗಳು ಪ್ಲೇ ಇಂಟೆಗ್ರಿಟಿ ಎನ್ನುವ ಗೂಗಲ್ ವ್ಯವಸ್ಥೆಯ ಮೂಲಕ ಫೋನಿನ ಸ್ಥಿತಿಯನ್ನು ವಿಚಾರಿಸುತ್ತವೆ. ಬೂಟ್‌ಲೋಡರ್ ತೆರೆದಿದೆ ಎನ್ನುವುದನ್ನು ಚಿಪ್ಪಿನ ಸುರಕ್ಷಿತ ಭಾಗವೇ ಸಹಿ ಹಾಕಿ ಹೇಳಿಬಿಡುತ್ತದೆ. ಅದನ್ನು ಮರೆಮಾಚುವ ಮಾಡ್ಯೂಲುಗಳಿವೆ. ನಾನು ಅವುಗಳನ್ನು ತೋರಿಸುವುದಿಲ್ಲ. ದುಡ್ಡು ಇರುವ ಆ್ಯಪ್ ‘ಈ ಫೋನ್ ನನಗೆ ಬೇಡ’ ಎಂದರೆ ಆ ಮಾತಿಗೆ ಬೆಲೆ ಕೊಡುವುದೇ ಸರಿ ಎಂದು ನಾನು ನಂಬುತ್ತೇನೆ.

ಸ್ವಯಂಚಾಲಿತ ಸಿಸ್ಟಮ್ ಅಪ್‌ಡೇಟನ್ನು ಡೆವಲಪರ್ ಆಯ್ಕೆಗಳಲ್ಲಿ ಆಫ್ ಮಾಡಿದ್ದೇನೆ. ತಿದ್ದಿದ ಬೂಟ್ ಇಮೇಜ್ ಮೇಲೆ ಅಪ್‌ಡೇಟ್ ಬಂದು ಕೂತರೆ ಅದು ವಿಫಲವಾಗಬಹುದು, ಇಲ್ಲವೇ ರೂಟ್ ಹೋಗಬಹುದು. ಮಾಡ್ಯೂಲ್ ಹಾಕಿದ ಮೇಲೆ ಫೋನ್ ಏಳದೆ ಲೋಗೋದಲ್ಲೇ ಸುತ್ತುತ್ತಿದ್ದರೆ ಸೇಫ್ ಮೋಡ್‌ನಲ್ಲಿ ಎಬ್ಬಿಸಿ. ಮ್ಯಾಜಿಸ್ಕ್ ಮಾಡ್ಯೂಲುಗಳೆಲ್ಲ ತಾವಾಗಿಯೇ ಆಫ್ ಆಗುತ್ತವೆ. ಅದಕ್ಕೂ ಬಗ್ಗದಿದ್ದರೆ ಪೆನ್‌ಡ್ರೈವ್‌ನಲ್ಲಿರುವ ಮೂಲ ಬೂಟ್ ಇಮೇಜನ್ನು ಫಾಸ್ಟ್‌ಬೂಟ್‌ನಿಂದ ಬರೆಯಿರಿ.

ಮುಂದೊಂದು ದಿನ ಈ ಫೋನನ್ನು ಮಾರುವುದಾದರೆ ಕ್ರಮ ತಪ್ಪಬಾರದು. ಮೊದಲು ಮ್ಯಾಜಿಸ್ಕ್ ತೆಗೆಯಬೇಕು, ಆಮೇಲೆ ಪೂರ್ತಿ ಮೂಲ ಸಾಫ್ಟ್‌ವೇರ್ ಹಾಕಿ ಒಮ್ಮೆ ಎಬ್ಬಿಸಿ ನೋಡಬೇಕು, ಬೂಟ್‌ಲೋಡರ್ ಲಾಕ್ ಮಾಡುವುದು ಎಲ್ಲಕ್ಕಿಂತ ಕೊನೆಗೆ. ತಿದ್ದಿದ ಇಮೇಜ್ ಒಳಗಿರುವಾಗಲೇ ಲಾಕ್ ಮಾಡಿದರೆ ಸಹಿಯ ಪರೀಕ್ಷೆ ಮತ್ತೆ ಬಿಗಿಯಾಗಿ ಫೋನ್ ಏಳುವುದೇ ಇಲ್ಲ. ಕೊಳ್ಳುವವರಿಗೂ ಒಂದು ಮಾತು. ವಿಜಯಪುರದಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಹಳೆಯ ಫೋನ್ ಕೊಳ್ಳುವಾಗ ಅಂಗಡಿಯವರ ಎದುರೇ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿಸಿ. ಕಂಪನಿಯ ಲೋಗೋ ಬರುವ ಹೊತ್ತಿಗೆ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ ಎನ್ನುವ ಎಚ್ಚರಿಕೆ ಕಂಡರೆ, ಆ ಫೋನಿನಲ್ಲಿ ನಿಮ್ಮ ಬ್ಯಾಂಕ್ ಖಾತೆ ತೆರೆಯಬೇಡಿ.