ಫ್ರಾಂಕ್ಲಿನ್ ಕೋಟು, ಕಂಪನಿ ಚಹಾ, ಹೈದರಾಲಿ ಯುದ್ಧ

[ಪರದೆ ಮೇಲೆ: ಲಂಡನ್, 1774ರ ಜನವರಿ 29]

ವೈಟ್‌ಹಾಲ್‌ನಲ್ಲಿ 'ಕಾಕ್‌ಪಿಟ್' ಅಂತ ಒಂದು ಸಭಾಂಗಣ. ಹಿಂದೆ ಆ ಜಾಗದಲ್ಲಿ ರಾಜರು ಕೋಳಿ ಅಂಕ ಆಡಿಸುತ್ತಿದ್ದರು, ಹೆಸರು ಹಾಗೇ ಉಳಿದಿತ್ತು. ಆವತ್ತು ಅಲ್ಲಿ ಸಿಕ್ಕಿಹಾಕಿಕೊಂಡವನು 68 ವರ್ಷದ ಬೆಂಜಮಿನ್ ಫ್ರಾಂಕ್ಲಿನ್. ಮೈಮೇಲೆ ಮ್ಯಾಂಚೆಸ್ಟರ್ ವೆಲ್ವೆಟ್ ಸೂಟು. ಎದುರಿಗೆ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ನ ದೊಡ್ಡ ಮನುಷ್ಯರು. ಸರ್ಕಾರದ ವಕೀಲ ಅಲೆಕ್ಸಾಂಡರ್ ವೆಡರ್‌ಬರ್ನ್ ಸುಮಾರು ಒಂದು ಗಂಟೆ ಅವನನ್ನು ಕಳ್ಳ, ದ್ರೋಹಿ ಅಂತ ಜಾಡಿಸಿದ. ಕೂತವರು ನಕ್ಕರು. ಫ್ರಾಂಕ್ಲಿನ್ ಮುಖದಲ್ಲಿ ಒಂದು ಗೆರೆಯೂ ಅಲುಗಾಡಲಿಲ್ಲ, ಒಂದು ಮಾತೂ ಆಡಲಿಲ್ಲ.

ಆರೋಪ ಏನು? ಮ್ಯಾಸಚೂಸೆಟ್ಸ್ ಗವರ್ನರ್ ಬರೆದಿದ್ದ ಖಾಸಗಿ ಪತ್ರಗಳನ್ನು ಹೇಗೋ ಪಡೆದು ಬಾಸ್ಟನ್‌ಗೆ ಕಳಿಸಿದ ಅಂತ. ಕಳಿಸಿದ್ದು ನಿಜವೇ. ಆದರೆ ಲಂಡನ್ ಅಷ್ಟು ಕುದಿಯುತ್ತಿದ್ದಕ್ಕೆ ಇನ್ನೊಂದು ಕಾರಣ ಇತ್ತು. ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಸುರಿದ ಸುದ್ದಿ ಕೆಲವೇ ದಿನಗಳ ಹಿಂದೆ ಬಂದಿತ್ತು. ಆ ಚಹಾ ಯಾರದ್ದು ಗೊತ್ತಲ್ವಾ? ನಮ್ಮನ್ನು ಆಳಿದ ಅದೇ ಈಸ್ಟ್ ಇಂಡಿಯಾ ಕಂಪನಿಯದ್ದು.

ಫ್ರಾಂಕ್ಲಿನ್ ಅಂದ ತಕ್ಷಣ ನಮಗೆ ಗಾಳಿಪಟ, ಮಿಂಚು ನೆನಪಾಗುತ್ತೆ. ಇವತ್ತು ಆ ಕಡೆ ಹೋಗೋದಿಲ್ಲ. ಬೇಗ ಹಿನ್ನೆಲೆ ಹೇಳಿಬಿಡ್ತೀನಿ. ಹುಟ್ಟಿದ್ದು 1706ರಲ್ಲಿ, ಬಾಸ್ಟನ್‌ನಲ್ಲಿ. ಔರಂಗಜೇಬ ಸಾಯುವ ಹಿಂದಿನ ವರ್ಷ. ಅಪ್ಪ ಸೋಪು, ಮೇಣದಬತ್ತಿ ಮಾಡುವವನು. ಶಾಲೆಗೆ ಹೋಗಿದ್ದು ಎರಡೇ ವರ್ಷ. 12ಕ್ಕೆ ಅಣ್ಣನ ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿದ, 17ಕ್ಕೆ ಅಲ್ಲಿಂದ ಓಡಿಹೋಗಿ ಫಿಲಡೆಲ್ಫಿಯಾ ಸೇರಿದ. ಪತ್ರಿಕೆ, ಪಂಚಾಂಗ ಅಂತ ಅಚ್ಚು ಹಾಕಿ ದುಡ್ಡು ಮಾಡಿದ. 42ಕ್ಕೆ ವ್ಯಾಪಾರದಿಂದ ನಿವೃತ್ತಿ.

ಅವನು ಹುಟ್ಟಾ ಕ್ರಾಂತಿಕಾರಿ ಅಂತ ಅಂದುಕೊಂಡಿದ್ದರೆ ಅದು ತಪ್ಪು. ಬ್ರಿಟಿಷ್ ಸಾಮ್ರಾಜ್ಯ ಅಂದರೆ ಅವನಿಗೆ ಅಭಿಮಾನ. 1757ರಲ್ಲಿ, ಇಲ್ಲಿ ಪ್ಲಾಸಿ ಕದನ ನಡೆದ ವರ್ಷವೇ, ಪೆನ್ಸಿಲ್ವೇನಿಯಾದ ಪ್ರತಿನಿಧಿಯಾಗಿ ಲಂಡನ್‌ಗೆ ಬಂದ. ನಡುವೆ ಎರಡು ವರ್ಷ ಬಿಟ್ಟರೆ 1775ರವರೆಗೂ ಅಲ್ಲೇ ಇದ್ದ. ರಾಜನ ಅಂಚೆ ಇಲಾಖೆಯಲ್ಲಿ ದೊಡ್ಡ ಹುದ್ದೆ ಬೇರೆ. ಮಗ ವಿಲಿಯಂ ನ್ಯೂಜೆರ್ಸಿಗೆ ರಾಜನ ಗವರ್ನರ್. ಇಂಥವನು ತಿರುಗಿಬಿದ್ದಿದ್ದು ಹೇಗೆ?

[ಪರದೆ ಮೇಲೆ: 1765, ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಬಂಗಾಳ]

ಏಳು ವರ್ಷದ ಯುದ್ಧದಲ್ಲಿ ಫ್ರಾನ್ಸನ್ನು ಸೋಲಿಸಿದ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. 1765ರಲ್ಲಿ ಅಮೆರಿಕದ ವಸಾಹತುಗಳ ಮೇಲೆ ಸ್ಟಾಂಪ್ ತೆರಿಗೆ ಹಾಕಿದರು. ಜನ ದಂಗೆ ಎದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಮೊಘಲ್ ಬಾದಶಹ ಶಾ ಆಲಂ ಬಂಗಾಳದ ಕಂದಾಯ ಎತ್ತುವ ಹಕ್ಕನ್ನು ಕಂಪನಿಗೆ ಬರೆದುಕೊಟ್ಟ. ಅಮೆರಿಕದಲ್ಲಿ ಮುಂದಿನ ವರ್ಷ ತೆರಿಗೆ ವಾಪಸ್ ಆಯಿತು, ಅದಕ್ಕೆ ಪಾರ್ಲಿಮೆಂಟಿನಲ್ಲಿ ಫ್ರಾಂಕ್ಲಿನ್ ಕೊಟ್ಟ ಉತ್ತರಗಳೂ ನೆರವಾದವು. ಬಂಗಾಳದ ರೈತನ ಪರವಾಗಿ ಲಂಡನ್‌ನಲ್ಲಿ ಮಾತಾಡೋರು ಯಾರಿದ್ದರು?

ಬಂಗಾಳದ ಕಂದಾಯ ನೋಡಿ ಕಂಪನಿ ಷೇರು ಮೇಲಕ್ಕೇರಿತು. 1769ರಲ್ಲಿ ಹೈದರಾಲಿ ಮದ್ರಾಸಿನ ಕಡೆ ನುಗ್ಗಿದ ಸುದ್ದಿ ಲಂಡನ್ ಮುಟ್ಟಿದಾಗ ಅದೇ ಷೇರು ಕುಸಿಯಿತು. 1770ರಲ್ಲಿ ಬಂಗಾಳದಲ್ಲಿ ಭೀಕರ ಬರಗಾಲ. 1772ರ ಹೊತ್ತಿಗೆ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಗೋದಾಮಿನಲ್ಲಿ ಮಾತ್ರ ಸುಮಾರು 1.7 ಕೋಟಿ ಪೌಂಡ್, ಅಂದರೆ 77 ಲಕ್ಷ ಕೆ.ಜಿ. ಚೀನಾ ಚಹಾ ಕೊಳೆಯುತ್ತಾ ಬಿದ್ದಿತ್ತು. ಅದನ್ನು ಖರ್ಚು ಮಾಡಿಸೋಕೆ 1773ರಲ್ಲಿ ಟೀ ಕಾಯ್ದೆ ಬಂತು. ಕಂಪನಿ ಚಹಾ ಅಮೆರಿಕದಲ್ಲಿ ಮೊದಲಿಗಿಂತ ಅಗ್ಗ ಆಗುತ್ತಿತ್ತು. ಆದರೆ ಪೌಂಡಿಗೆ ಮೂರು ಪೆನ್ಸ್ ತೆರಿಗೆ ಹಾಗೇ ಇತ್ತು, ಸ್ಥಳೀಯ ವ್ಯಾಪಾರಿಗಳ ಹೊಟ್ಟೆಗೂ ಹೊಡೆತ. ಹಾಗಾಗಿ ಬಾಸ್ಟನ್‌ನಲ್ಲಿ ಚಹಾ ನೀರುಪಾಲಾಯಿತು. ತಮಾಷೆ ಅಂದರೆ, ಕಂಪನಿಗೆ ಚಹಾದ ದುಡ್ಡು ಕಟ್ಟಿಕೊಡಬೇಕು ಅಂತ ಹೇಳಿದವರಲ್ಲಿ ಫ್ರಾಂಕ್ಲಿನ್ ಕೂಡ ಒಬ್ಬ!

ಕಾಕ್‌ಪಿಟ್ ಅವಮಾನ ಆದ ಬೆನ್ನಲ್ಲೇ ಅಂಚೆ ಇಲಾಖೆ ಕೆಲಸ ಹೋಯಿತು. 1776ರಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ. ಮಗ ರಾಜನ ಕಡೆಯೇ ನಿಂತ, ಅಪ್ಪ ಮಗನ ಸಂಬಂಧ ಮತ್ತೆ ಸರಿಹೋಗಲೇ ಇಲ್ಲ. ಅದೇ ವರ್ಷದ ಕೊನೆಗೆ, 70ರ ವಯಸ್ಸಿನಲ್ಲಿ, ಫ್ರಾಂಕ್ಲಿನ್ ತುಪ್ಪಳದ ಟೋಪಿ ಹಾಕಿಕೊಂಡು, ಬ್ರಿಟನ್ ವಿರುದ್ಧದ ಯುದ್ಧಕ್ಕೆ ನೆರವು ಕೇಳೋಕೆ ಫ್ರಾನ್ಸಿಗೆ ಬಂದ. ಪ್ಯಾರಿಸ್ ಅವನಿಗೆ ಮರುಳಾಯಿತು.

1778ರ ಫೆಬ್ರವರಿ 6ರಂದು ಫ್ರಾನ್ಸ್ ಜೊತೆ ಮೈತ್ರಿ ಒಪ್ಪಂದ. ಸಹಿ ಹಾಕೋಕೆ ಬಂದಾಗ ಹಾಕಿದ್ದು ಯಾವ ಬಟ್ಟೆ? ಕಾಕ್‌ಪಿಟ್‌ನಲ್ಲಿ ಹಾಕಿದ್ದ ಅದೇ ವೆಲ್ವೆಟ್ ಸೂಟು. ಆ ಕೋಟಿಗೂ ಒಂದಿಷ್ಟು ಸೇಡು ತೀರಿಸಿಕೊಳ್ಳಲಿ ಅಂತ ಹಾಕಿಕೊಂಡೆ ಅಂದನಂತೆ. ಈ ಕಥೆ ನಮಗೆ ಬಂದಿರೋದು ಅವನ ಸ್ನೇಹಿತ ಎಡ್ವರ್ಡ್ ಬ್ಯಾಂಕ್ರಾಫ್ಟ್ ಮೂಲಕ. ಆ ಬ್ಯಾಂಕ್ರಾಫ್ಟ್ ಬ್ರಿಟಿಷರ ಗೂಢಚಾರ! ಫ್ರಾಂಕ್ಲಿನ್‌ಗೆ ಇದು ಸಾಯೋವರೆಗೂ ಗೊತ್ತಾಗಲಿಲ್ಲ.

[ಪರದೆ ಮೇಲೆ: ಪ್ಯಾರಿಸ್‌ನಿಂದ ಪಾಂಡಿಚೇರಿ, ಮಾಹೆ, ಶ್ರೀರಂಗಪಟ್ಟಣಕ್ಕೆ ಗೆರೆ]

ಆ ಸಹಿಯ ಬಿಸಿ ನೇರವಾಗಿ ಮೈಸೂರಿಗೆ ತಟ್ಟಿತು. ಫ್ರಾನ್ಸ್ ಯುದ್ಧಕ್ಕಿಳಿದ ಮೇಲೆ ಬ್ರಿಟಿಷರು ಇಲ್ಲಿ ಪಾಂಡಿಚೇರಿ ಹಿಡಿದರು. 1779ರಲ್ಲಿ ಮಾಹೆಯನ್ನೂ ಹಿಡಿದರು. ಹೈದರಾಲಿಗೆ ಫ್ರೆಂಚರ ಮದ್ದುಗುಂಡು ಬರುತ್ತಿದ್ದ ಬಂದರು ಅದು, ತನ್ನ ರಕ್ಷಣೆಯಲ್ಲಿದೆ ಅಂತ ಅವನು ಎಚ್ಚರಿಸಿದ್ದ. 1780ರಲ್ಲಿ ಎರಡನೇ ಆಂಗ್ಲೋ ಮೈಸೂರು ಯುದ್ಧ ಶುರು. ಸೆಪ್ಟೆಂಬರ್‌ನಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿ ಸೈನ್ಯ ನೆಲಕಚ್ಚಿತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಅಂತಲೇ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ಬ್ರಿಟಿಷರ 'ಜನರಲ್ ಮಾಂಕ್' ನೌಕೆಯನ್ನು ಸೆರೆಹಿಡಿಯಿತು. ಫ್ರಾಂಕ್ಲಿನ್ ಊರಿನ ಹಡಗು, ಹೆಸರು ನಮ್ಮವನದು.

ಮುಂದಿನದು ನನಗೆ ಸ್ವಲ್ಪ ಕಹಿ ಅನ್ನಿಸುವ ಭಾಗ. 1782ರ ನವೆಂಬರ್ 30ರಂದು ಫ್ರಾಂಕ್ಲಿನ್ ಮತ್ತು ಸಂಗಡಿಗರು ಫ್ರಾನ್ಸಿಗೂ ತಿಳಿಸದೆ ಬ್ರಿಟನ್ ಜೊತೆ ಶಾಂತಿಯ ಕರಡಿಗೆ ಸಹಿ ಹಾಕಿದರು. ಒಂದೇ ವಾರಕ್ಕೆ, ಡಿಸೆಂಬರ್ 7ರಂದು, ಹೈದರಾಲಿ ತೀರಿಕೊಂಡ. ಫ್ರೆಂಚ್ ವಿದೇಶ ಮಂತ್ರಿ ವೆರ್ಜೆನ್ ಸಿಟ್ಟಾದ. ಫ್ರಾಂಕ್ಲಿನ್ ಸವಿಮಾತಲ್ಲಿ ಕ್ಷಮೆ ಕೇಳಿದ, ಅದರ ಬೆನ್ನಿಗೇ 60 ಲಕ್ಷ ಲಿವ್ರ್ (ಆಗಿನ ಫ್ರೆಂಚ್ ಹಣ) ಹೊಸ ಸಾಲವನ್ನೂ ಮಂಜೂರು ಮಾಡಿಸಿಕೊಂಡ. ರಾಜತಂತ್ರ ಅಂದರೆ ಇದು!

ಯುರೋಪಿನಲ್ಲಿ ಶಾಂತಿ ಆಯಿತು ಅನ್ನೋ ಸುದ್ದಿ 1783ರ ಮಧ್ಯದಲ್ಲಿ ಇಲ್ಲಿಗೆ ಬಂದಾಗ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಪಕ್ಕದಲ್ಲಿ ನಿಂತು ಹೋರಾಡುತ್ತಿದ್ದ ಫ್ರೆಂಚ್ ಪಡೆ ಹಿಂದೆ ಸರಿಯಿತು. ಟಿಪ್ಪು ಒಬ್ಬನೇ ಯುದ್ಧ ಮುಂದುವರಿಸಿ 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದ ಮಾಡಿಕೊಂಡ.

ಫ್ರಾಂಕ್ಲಿನ್ ಊರಿಗೆ ಮರಳಿ 81ರ ವಯಸ್ಸಿನಲ್ಲಿ ಸಂವಿಧಾನ ಸಭೆಯಲ್ಲಿ ಕೂತ. ಒಂದು ಕಾಲದಲ್ಲಿ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವನು, ಗುಲಾಮರ ಮಾರಾಟದ ಜಾಹೀರಾತು ಅಚ್ಚು ಹಾಕಿದವನು. 1790ರಲ್ಲಿ ಗುಲಾಮಗಿರಿ ವಿರುದ್ಧ ಕಾಂಗ್ರೆಸ್ಸಿಗೆ ಮನವಿ ಕಳಿಸಿದ. ಕಾಂಗ್ರೆಸ್ ಪಕ್ಕಕ್ಕಿಟ್ಟಿತು. ಏಪ್ರಿಲ್ 17ರಂದು ತೀರಿಕೊಂಡ.

ಅಮೆರಿಕಕ್ಕೆ ಸುರಿದ ದುಡ್ಡು ಫ್ರೆಂಚ್ ಖಜಾನೆಯನ್ನು ಬರಿದು ಮಾಡಿತ್ತು. 1788ರ ಆಗಸ್ಟ್‌ನಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಗೆ ಹೋಗಿ ನೆರವು ಕೇಳಿದಾಗ ಲೂಯಿ ರಾಜನ ಬಳಿ ಕೊಡೋಕೆ ಪಿಂಗಾಣಿ ಪಾತ್ರೆ ಇತ್ತು, ಸೈನ್ಯ ಇರಲಿಲ್ಲ. ಆ ಹೊತ್ತಿಗೆ ಕಲ್ಕತ್ತಾದಲ್ಲಿ ಗವರ್ನರ್ ಜನರಲ್ ಆಗಿ ಕೂತಿದ್ದವನು ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರು, ಫ್ರೆಂಚರು ಸೇರಿ ಶರಣಾಗಿಸಿದ್ದ ಅದೇ ಸೈನ್ಯದ ದಂಡನಾಯಕ. 1791ರ ಮಾರ್ಚ್ 21ರ ರಾತ್ರಿ ಅವನ ಸೈನ್ಯ ಬೆಂಗಳೂರು ಕೋಟೆಗೆ ನುಗ್ಗಿತು. ಆ ರಾತ್ರಿಯ ಕಥೆಗೆ ಒಂದು ಪೂರ್ತಿ ವಿಡಿಯೋ ಬೇಕು, ಮುಂದಿನ ವಾರ ಮಾಡ್ತೀನಿ.